ಗುಜರಿ ತಗಡಿನಿಂದ ಗುನುಗುವ ಹಾಡಿನವರೆಗೆ

ಬ್ಲಿಕ್ಸಾ ಬಾರ್ಗೆಲ್ಡ್ ಜರ್ಮನಿಯ ಗಾಯಕ, ಗಿಟಾರ್ ವಾದಕ, ಗೀತರಚನೆಕಾರ. 1980ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಅವರು ಗೆಳೆಯರ ಜೊತೆ ಕಟ್ಟಿದ ‘ಐನ್‌ಷ್ಟ್ಯುರ್ಟ್ಸೆಂಡೆ ನೊಯ್‌ಬೌಟನ್’ ತಂಡ ತಗಡು, ಸ್ಪ್ರಿಂಗು, ಡ್ರಿಲ್ಲಿಂಗ್ ಮೆಷಿನ್ನು, ಸುತ್ತಿಗೆಗಳನ್ನೇ ವಾದ್ಯ ಮಾಡಿಕೊಂಡಿತ್ತು. ‘ಇಂಡಸ್ಟ್ರಿಯಲ್’ ಎಂದು ಕರೆಸಿಕೊಂಡ ಸಂಗೀತದಲ್ಲೇ ಅದರದು ಅತಿ ಕರ್ಕಶವಾದ ತುದಿ. ಅದೇ ತಂಡ 2024ರ ಏಪ್ರಿಲ್‌ನಲ್ಲಿ ‘ರಾಂಪೆನ್’ ಎಂಬ ಆಲ್ಬಂ ಹೊರತಂದಾಗ ಹೆಸರಿನ ಪಕ್ಕದಲ್ಲಿ ‘ಏಲಿಯನ್ ಪಾಪ್ ಮ್ಯೂಸಿಕ್’ ಎಂದು ಬರೆದುಕೊಂಡಿತು. ಗಂಟಲು ಹರಿಯುವಂತೆ ಕಿರುಚುತ್ತಿದ್ದ ಹುಡುಗ ಈ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಮಂದ್ರದಲ್ಲಿ, ಮಾತಿನಷ್ಟೇ ಮೆತ್ತಗೆ ಹಾಡುವ ಹಾಡುಗಾರನಾದ.

ವಯಸ್ಸಾದ ಮೇಲೆ ಎಲ್ಲರೂ ಮೆತ್ತಗಾಗುತ್ತಾರೆ, ಇದೂ ಹಾಗೇ ಎಂದು ಹೇಳಿ ಮುಗಿಸುವುದು ಸುಲಭ. ಆಲ್ಬಂಗಳನ್ನು ಬಂದ ಕ್ರಮದಲ್ಲೇ ಕೇಳುತ್ತ ಹೋದವರಿಗೆ ಹಾಗೆ ಅನ್ನಿಸುವುದಿಲ್ಲ. ಮಾಧುರ್ಯ ಮೊದಲ ದಿನದಿಂದಲೇ ಅಲ್ಲಿತ್ತು, ಸದ್ದಿನ ಅಡಿಯಲ್ಲಿ ಮುಚ್ಚಿಹೋಗಿತ್ತು. ಮೇಲಿನ ಸದ್ದನ್ನು ಒಂದೊಂದಾಗಿ ತೆಗೆಯುತ್ತ ಬಂದಂತೆ ರಾಗ ಹೊರಗೆ ಕಾಣಿಸಿತು. ಯಾವ ಸದ್ದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಅವರಿಗೆ ಬಂದದ್ದು ವರ್ಷಗಟ್ಟಲೆ ಕಬ್ಬಿಣ ಬಡಿದ ಅನುಭವದಿಂದಲೇ.

ಗದ್ದಲಕ್ಕೂ ಸಂಗೀತದಲ್ಲಿ ಜಾಗ ಬೇಕು ಎಂಬ ವಾದ ಹಳೆಯದು. ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ 1913ರಲ್ಲೇ ‘ಗದ್ದಲಗಳ ಕಲೆ’ ಎಂಬ ಪ್ರಣಾಳಿಕೆ ಬರೆದು, ಗುಡುಗುವ, ಗೊರಗುಟ್ಟುವ, ಸಿಳ್ಳೆ ಹಾಕುವ ಪೆಟ್ಟಿಗೆಗಳನ್ನು ತಯಾರಿಸಿದ್ದ. 1948ರಲ್ಲಿ ಫ್ರಾನ್ಸಿನ ಪಿಯರ್ ಷೆಫರ್ ರೈಲಿನ ಸದ್ದುಗಳನ್ನು ಮುದ್ರಿಸಿ, ಅವುಗಳನ್ನೇ ಜೋಡಿಸಿ ಒಂದು ಕೃತಿ ಮಾಡಿದ. ಇಂಡಸ್ಟ್ರಿಯಲ್ ಎಂಬ ಹೆಸರು ಚಲಾವಣೆಗೆ ಬಂದದ್ದು 1976ರಲ್ಲಿ, ಲಂಡನ್ನಿನ ‘ಥ್ರಾಬಿಂಗ್ ಗ್ರಿಸಲ್’ ತಂಡ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ತನ್ನದೇ ಕಂಪನಿ ಶುರು ಮಾಡಿದಾಗ. ಜೆನೆಸಿಸ್ ಪಿ-ಆರಿಜ್, ಕೋಸಿ ಫ್ಯಾನಿ ಟುಟಿ, ಕ್ರಿಸ್ ಕಾರ್ಟರ್, ಪೀಟರ್ ಕ್ರಿಸ್ಟೋಫರ್ಸನ್ ಎಂಬ ನಾಲ್ವರ ಆ ತಂಡಕ್ಕೆ ಕಾರ್ಖಾನೆಯ ಯುಗದ ಬದುಕಿಗೆ ಕಾರ್ಖಾನೆಯಂಥದೇ ಸಂಗೀತ ಬೇಕು ಎಂಬ ಹಟ.

ಆ ಹಟದ ಒಳಗೂ ಪಾಪ್ ಹಾಡಿನ ಆಸೆ ಇತ್ತು. ಥ್ರಾಬಿಂಗ್ ಗ್ರಿಸಲ್ 1978ರಲ್ಲಿ ಹೊರತಂದ ‘ಯುನೈಟೆಡ್’ ಸರಳ ಲಯದ ಪ್ರೇಮಗೀತೆ. 1981ರಲ್ಲಿ ತಂಡ ಒಡೆದ ಮೇಲೆ ಕ್ರಿಸ್ ಮತ್ತು ಕೋಸಿ ಜೋಡಿಯಾಗಿ ಸಿಂಥಸೈಜರ್‌ನ ಇಂಪಾದ ಹಾಡುಗಳತ್ತ ಹೊರಳಿದರು. ಪಿ-ಆರಿಜ್ ‘ಸೈಕಿಕ್ ಟಿವಿ’ ಎಂಬ ಹೊಸ ತಂಡ ಕಟ್ಟಿ, 1982ರ ಮೊದಲ ಆಲ್ಬಮ್ಮಿನಲ್ಲೇ ತಂತಿವಾದ್ಯಗಳ ಮೇಳದ ಜೊತೆ ಒಂದು ಮೃದುವಾದ ಹಾಡು ಹಾಡಿದರು. 1985ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಬ್ರಯಾನ್ ಜೋನ್ಸ್ ನೆನಪಿಗೆ ‘ಗಾಡ್‌ಸ್ಟಾರ್’ ಎಂಬ ಅಪ್ಪಟ ಪಾಪ್ ಗೀತೆ ಬರೆದರು. ಇವರೆಲ್ಲ ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಹೋದರು. ಬಾರ್ಗೆಲ್ಡ್ ಮನೆ ಬಿಡಲಿಲ್ಲ. ಅದೇ ತಂಡ, ಅದೇ ಹೆಸರು, ಬಹುಮಟ್ಟಿಗೆ ಅದೇ ಸಾಮಾನು ಇಟ್ಟುಕೊಂಡೇ ಹಾಡಿನ ಕಡೆ ಬಂದರು. ಈ ದಾರಿ ಹೆಚ್ಚು ಕಷ್ಟದ್ದು, ಆದ್ದರಿಂದಲೇ ಅದನ್ನು ವಿವರವಾಗಿ ನೋಡಬೇಕು.

ಗೋಡೆಯೊಳಗಿನ ಊರು

1980ರ ಪಶ್ಚಿಮ ಬರ್ಲಿನ್ ಸುತ್ತ ಗೋಡೆ ಇದ್ದ ಊರು. ಅಲ್ಲಿ ವಾಸಿಸುವ ಗಂಡಸರಿಗೆ ಪಶ್ಚಿಮ ಜರ್ಮನಿಯ ಕಡ್ಡಾಯ ಸೈನಿಕ ಸೇವೆ ಅನ್ವಯಿಸುತ್ತಿರಲಿಲ್ಲ. ಬಾಡಿಗೆ ಕಡಿಮೆ, ಪಾಳುಬಿದ್ದ ಕಟ್ಟಡಗಳು ಬೇಕಾದಷ್ಟು. ಕಲಾವಿದರು, ನಿರುದ್ಯೋಗಿಗಳು, ಸೈನ್ಯ ತಪ್ಪಿಸಿಕೊಂಡ ಹುಡುಗರು ಅಲ್ಲಿಗೆ ಬಂದು ಸೇರುತ್ತಿದ್ದರು. 1959ರಲ್ಲಿ ಅದೇ ಊರಿನಲ್ಲಿ ಕ್ರಿಶ್ಚಿಯನ್ ಎಮ್ಮೆರಿಶ್ ಎಂಬ ಹೆಸರಿನಲ್ಲಿ ಹುಟ್ಟಿದ ಬಾರ್ಗೆಲ್ಡ್ ಅಂಥ ಹುಡುಗರ ನಡುವೆ ಬೆಳೆದವರು. 1980ರ ಏಪ್ರಿಲ್ 1ರಂದು ‘ಮೂನ್’ ಎಂಬ ಕ್ಲಬ್ಬಿನಲ್ಲಿ ತಂಡದ ಮೊದಲ ಕಾರ್ಯಕ್ರಮ ನಡೆಯಿತು. ತಂಡದ ಹೆಸರಿಗೆ ‘ಕುಸಿಯುತ್ತಿರುವ ಹೊಸ ಕಟ್ಟಡಗಳು’ ಎಂದರ್ಥ. ಏಳು ವಾರ ಕಳೆಯುವಷ್ಟರಲ್ಲಿ, ಮೇ 21ರಂದು, ಬರ್ಲಿನ್ನಿನ ಹೆಸರಾಂತ ಕಾಂಗ್ರೆಸ್ ಹಾಲ್‌ನ ಚಾವಣಿಯ ಒಂದು ಭಾಗ ನಿಜಕ್ಕೂ ಕುಸಿದುಬಿತ್ತು. ಊರಿನವರ ಬಾಯಲ್ಲಿ ತಂಡದ ಹೆಸರು ನಿಲ್ಲಲು ಇಷ್ಟು ಸಾಕಾಯಿತು.

ಕಬ್ಬಿಣ ಬಡಿಯಲು ತೊಡಗಿದ್ದರ ಹಿಂದೆ ಸಿದ್ಧಾಂತಕ್ಕಿಂತ ಬಡತನ ದೊಡ್ಡದು. ತಂಡದ ತಾಳವಾದ್ಯಗಾರ ಎನ್.ಯು. ಉನ್‌ರೂ ಕೈಯಲ್ಲಿ ಕಾಸಿಲ್ಲದೆ ತನ್ನ ಡ್ರಮ್ ಸೆಟ್ಟನ್ನು ಮಾರಿದ. ನುಡಿಸಲು ಏನಾದರೂ ಬೇಕಲ್ಲ, ಕಟ್ಟಡ ಕಾಮಗಾರಿಯ ಜಾಗ ಮತ್ತು ಗುಜರಿಯಲ್ಲಿ ಸಿಕ್ಕಿದ್ದನ್ನು ಹೊತ್ತುತಂದ. ಅದೇ ವರ್ಷ ಜೂನ್‌ನಲ್ಲಿ ಅವನೂ ಬಾರ್ಗೆಲ್ಡ್ ಕೂಡ ಹೆದ್ದಾರಿ ಸೇತುವೆಯೊಂದರ ಉಕ್ಕಿನ ಪೊಳ್ಳಿನೊಳಗೆ ತೂರಿಕೊಂಡು, ಅದರ ಗೋಡೆಗಳನ್ನೇ ಬಡಿದು ಧ್ವನಿಮುದ್ರಣ ಮಾಡಿದರು. ಮೇಲೆ ವಾಹನ ಓಡುವ ಸೇತುವೆಯೇ ವಾದ್ಯ, ಅದೇ ಸ್ಟುಡಿಯೋ. ಮುಂದೆ ಹ್ಯಾಂಬರ್ಗಿನಿಂದ ಎಫ್.ಎಂ. ಐನ್‌ಹೈಟ್ ಮತ್ತು ಬಾಸ್ ಗಿಟಾರಿನ ಮಾರ್ಕ್ ಚಂಗ್, ಬರ್ಲಿನ್ನಿನ ಹದಿಹರೆಯದ ಅಲೆಕ್ಸಾಂಡರ್ ಹಾಕೆ ಸೇರಿಕೊಂಡರು. ಐನ್‌ಹೈಟ್ ಬಂದ ಮೇಲೆ ಬಡಿತಕ್ಕೆ ಬಲ ಬಂತು.

1981ರ ಮೊದಲ ಆಲ್ಬಂ ‘ಕೊಲಾಪ್ಸ್’ ಇವತ್ತಿಗೂ ಕಿವಿಗೆ ಸುಲಭದ್ದಲ್ಲ. ಅದರ ರಕ್ಷಾಪುಟದಲ್ಲಿ ತಂಡದವರು ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದ ಮುಂದೆ ತಮ್ಮ ಸುತ್ತಿಗೆ, ತಗಡು, ಡ್ರಿಲ್ಲುಗಳನ್ನು ಓರಣವಾಗಿ ಹರಡಿಕೊಂಡು ನಿಂತಿದ್ದಾರೆ. ಪಿಂಕ್ ಫ್ಲಾಯ್ಡ್ ತಂಡ ತನ್ನ ದುಬಾರಿ ವಾದ್ಯಗಳನ್ನು ಹಾಗೆ ಜೋಡಿಸಿ ತೆಗೆಸಿಕೊಂಡ ಹಿಂದಿನ ಚಿತ್ರವೊಂದಕ್ಕೆ ಅದು ಸವಾಲು. ಚರಿತ್ರೆ ಬರೆದವರು ಈ ಚಿತ್ರವನ್ನು ತಪ್ಪದೆ ಹೆಸರಿಸುತ್ತಾರೆ. ಆಲ್ಬಮ್ಮಿನಲ್ಲಿರುವ ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯ. ಫ್ರಾನ್ಸಿನ ಸೆರ್ಜ್ ಗೇನ್ಸ್‌ಬರ್ಗ್ 1960ರ ದಶಕದಲ್ಲಿ ಜಗತ್ಪ್ರಸಿದ್ಧಗೊಳಿಸಿದ್ದ ಪ್ರಣಯಗೀತೆಯೊಂದನ್ನು ಇವರು ಅಲ್ಲಿ ಚಿಂದಿ ಮಾಡಿ ನುಡಿಸಿದ್ದಾರೆ. ಚಿಂದಿ ಮಾಡಲಿಕ್ಕಾದರೂ ಆರಿಸಿಕೊಂಡದ್ದು ಒಂದು ಮಧುರ ಗೀತೆಯನ್ನು.

ವೇದಿಕೆಗೇ ಡ್ರಿಲ್ಲು

ಗದ್ದಲದ ಕಾಲ ತುತ್ತತುದಿ ಮುಟ್ಟಿದ್ದು ಲಂಡನ್ನಿನಲ್ಲಿ. 1984ರ ಜನವರಿ 3ರಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಕಾಂಟೆಂಪರರಿ ಆರ್ಟ್ಸ್‌ನಲ್ಲಿ ‘ಧ್ವನಿ ಮತ್ತು ಯಂತ್ರಗಳ ಕಛೇರಿ’ ಎಂಬ ಹೆಸರಿನ ಕಾರ್ಯಕ್ರಮ. ತಂಡದ ಕೆಲವರ ಜೊತೆ ಪಿ-ಆರಿಜ್ ಮುಂತಾದವರೂ ಇದ್ದರು. ಕಾಂಕ್ರೀಟ್ ಮಿಕ್ಸರ್, ವಿದ್ಯುತ್ ಗರಗಸ, ಡ್ರಿಲ್ಲುಗಳು ಒಟ್ಟಿಗೆ ಶುರುವಾದವು. ಸ್ವಲ್ಪ ಹೊತ್ತಿನಲ್ಲಿ ವೇದಿಕೆಯನ್ನೇ ಕೊರೆಯುವುದು ನಡೆಯಿತು. ಸಂಸ್ಥೆಯವರು ಅರ್ಧ ಗಂಟೆಯೂ ಆಗುವ ಮೊದಲೇ ನಿಲ್ಲಿಸಿದರು. ಪ್ರೇಕ್ಷಕರು ಸುಮ್ಮನಾಗಲಿಲ್ಲ, ಯಂತ್ರಗಳನ್ನು ಎಳೆದಾಡಿದರು. ಈ ಪ್ರಕರಣ ಎಷ್ಟು ದಂತಕಥೆಯಾಯಿತೆಂದರೆ 2007ರಲ್ಲಿ ಜೋ ಮಿಚೆಲ್ ಎಂಬ ಕಲಾವಿದೆ ಅದೇ ಜಾಗದಲ್ಲಿ ಅದನ್ನು ನಾಟಕದಂತೆ ಮತ್ತೆ ಆಡಿಸಿದರು. ಸಂಗೀತವಾಗಿ ಮಾತ್ರ ಅಲ್ಲಿಂದ ಮುಂದೆ ದಾರಿ ಇರಲಿಲ್ಲ. ವೇದಿಕೆ ಕೊರೆದಾದ ಮೇಲೆ ಇನ್ನೇನನ್ನು ಕೊರೆಯುವುದು?

ಬಡಿಯುವ ವಸ್ತುವಿನೊಳಗೆ ಸ್ವರ ಇದೆ ಎಂಬುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ಮಾತಲ್ಲ. ಮಂಡ್ಯ, ಮಳವಳ್ಳಿ ಸೀಮೆಯಲ್ಲಿ ತಮಟೆಯವರು ಕುಣಿತಕ್ಕೆ ಮುಂಚೆ ಹುಲ್ಲಿಗೋ ಒಣ ಸೋಗೆಗೋ ಬೆಂಕಿ ಹಾಕಿ ತಮಟೆ ಕಾಯಿಸುವುದು ಶಾಖಕ್ಕೆ ಚರ್ಮ ಬಿಗಿದು ನಾದ ಮೇಲೇರಲೆಂದೇ. ತಣ್ಣಗಾದರೆ ನಾದ ಇಳಿಯುತ್ತದೆ, ಮತ್ತೆ ಕಾಯಿಸಬೇಕು. ದೂರದಿಂದ ಬರೀ ಸದ್ದೆನಿಸುವ ವಾದ್ಯಕ್ಕೂ ಶ್ರುತಿಯ ಲೆಕ್ಕ ಇದೆ. ಮಣ್ಣಿನ ಘಟ ಶತಮಾನಗಳಿಂದ ಲಯಕ್ಕೆಂದೇ ಇದ್ದ ವಾದ್ಯ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಒಟ್ಟಿಗೆ ಇಟ್ಟುಕೊಂಡು ‘ಘಟತರಂಗ’ ಎಂದು ಅವುಗಳಲ್ಲಿ ರಾಗವನ್ನೇ ನುಡಿಸಿ ತೋರಿಸಿದರು. ಬರ್ಲಿನ್ನಿನ ಹುಡುಗರಿಗೆ ಇಂಥ ಪರಂಪರೆ ಹಿಂದಿರಲಿಲ್ಲ. ಯಾವ ತಗಡಿಗೆ ಯಾವ ಸ್ವರ, ಯಾವ ಸ್ಪ್ರಿಂಗಿನ ಅನುರಣನೆ ಎಷ್ಟು ಉದ್ದ, ಯಾವ ಪೈಪನ್ನು ಎಷ್ಟು ಕತ್ತರಿಸಿದರೆ ಎಷ್ಟು ಮೇಲೇರುತ್ತದೆ ಎಂಬುದನ್ನು ಅವರು ಬಡಿದು ಬಡಿದೇ ಕಂಡುಕೊಳ್ಳಬೇಕಾಯಿತು. ಆ ಹುಡುಕಾಟವೇ ಅವರ ಸಾಧಕ.

ಅದರ ಫಲ 1985ರ ‘ಹಾಲ್ಬರ್ ಮೆನ್ಶ್’ ಆಲ್ಬಮ್ಮಿನಲ್ಲಿ ಕೇಳುತ್ತದೆ. ಶೀರ್ಷಿಕೆ ಗೀತೆಯಲ್ಲಿ ಕಬ್ಬಿಣವಿಲ್ಲ, ಯಾವ ವಾದ್ಯವೂ ಇಲ್ಲ, ಬರೀ ಮನುಷ್ಯ ಕಂಠಗಳ ಮೇಳ. ಇನ್ನೊಂದು ಹಾಡು ಪಿಸುಮಾತಿನಿಂದ ಏರುತ್ತ ಕಿರುಚಾಟಕ್ಕೆ ಹೋಗಿ ಮತ್ತೆ ಇಳಿಯುತ್ತದೆ. ಸದಾ ಜೋರಾಗಿರುವುದಕ್ಕಿಂತ ಒಮ್ಮೆ ಮೆತ್ತಗಾಗಿ ಆಮೇಲೆ ಜೋರಾಗುವುದು ಹೆಚ್ಚು ಬೆಚ್ಚಿಬೀಳಿಸುತ್ತದೆ ಎಂಬುದನ್ನು ತಂಡ ಅರಿತುಕೊಂಡಿತ್ತು. ಅದೇ ವೇಳೆಗೆ ಅಮೆರಿಕದ ಲೀ ಹೇಜಲ್‌ವುಡ್ ಬರೆದ ‘ಸ್ಯಾಂಡ್’ ಎಂಬ ಹಳೆಯ ಯುಗಳಗೀತೆಯನ್ನು ಅವರು ಹಾಡಿದರು. 1987ರಲ್ಲಿ ಕೆನಡಾದ ಜಾನಪದ ಶೈಲಿಯ ಗಾಯಕಿ ಬಾನಿ ಡಾಬ್ಸನ್ ಅವರ ‘ಮಾರ್ನಿಂಗ್ ಡ್ಯೂ’, ಅಣುಯುದ್ಧ ಮುಗಿದ ಜಗತ್ತಿನ ಬಗೆಗಿನ ಹಾಡು, ಅವರ ಆಲ್ಬಮ್ಮಿಗೆ ಬಂತು. 1981ರ ಗೇನ್ಸ್‌ಬರ್ಗ್, 1985ರ ಹೇಜಲ್‌ವುಡ್, 1987ರ ಡಾಬ್ಸನ್ ಈ ಮೂವರ ಹಾಡುಗಳನ್ನು ಒಂದರ ಹಿಂದೊಂದು ಕೇಳಿದರೆ ಬದಲಾವಣೆ ಸ್ಪಷ್ಟ. ಮೊದಲನೆಯದನ್ನು ಒಡೆದರು, ಎರಡನೆಯದನ್ನು ಹಿಡಿದು ನೋಡಿದರು, ಮೂರನೆಯದನ್ನು ನಿಜವಾಗಿ ಹಾಡಿದರು. ಸ್ವಂತ ರಾಗ ಕಟ್ಟುವ ಧೈರ್ಯ ಬರುವವರೆಗೆ ಬೇರೆಯವರ ರಾಗಗಳಲ್ಲಿ ಕೈ ಪಳಗಿಸಿಕೊಂಡರು.

ಇದೇ ಹೊತ್ತಿನಲ್ಲಿ ಗದ್ದಲ ಇನ್ನೊಂದು ಬಾಗಿಲಿನಿಂದ ಪಾಪ್ ಲೋಕಕ್ಕೆ ನುಗ್ಗಿತ್ತು. ಇಂಗ್ಲೆಂಡಿನ ‘ಡೆಪೆಷ್ ಮೋಡ್’ ತಂಡ 1983ರಲ್ಲಿ ಲಂಡನ್ನಿನ ಶೋರ್‌ಡಿಚ್‌ನ ಕಟ್ಟಡ ಕಾಮಗಾರಿಗಳ ಬಳಿ ಪೈಪು, ತಗಡುಗಳನ್ನು ಬಡಿದು ಸದ್ದು ಸಂಗ್ರಹಿಸಿ ಅದನ್ನು ಹಾಡುಗಳಲ್ಲಿ ಬಳಸಿತು. ನೊಯ್‌ಬೌಟನ್ ಮಾಡುವುದನ್ನು ಪಾಪ್‌ನೊಳಗೆ ತರಬಹುದು ಎಂದು ಹೊಳೆದದ್ದು ಆ ತಂಡದ ಗೀತರಚನೆಕಾರ ಮಾರ್ಟಿನ್ ಗೋರ್‌ಗೆ. 1984ರಲ್ಲಿ ಅವರ ‘ಪೀಪಲ್ ಆರ್ ಪೀಪಲ್’ ಪಶ್ಚಿಮ ಜರ್ಮನಿಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಈ ಎರಡು ತಂಡಗಳ ನಡುವಿನ ಕೊಂಡಿ ಗ್ಯಾರೆತ್ ಜೋನ್ಸ್ ಎಂಬ ಧ್ವನಿ ತಂತ್ರಜ್ಞ. ಡೆಪೆಷ್ ಮೋಡ್ ಆಲ್ಬಂಗಳಿಗೆ ಕೆಲಸ ಮಾಡಿದ ಅದೇ ಕೈ ‘ಹಾಲ್ಬರ್ ಮೆನ್ಶ್’ನಲ್ಲೂ ಇದೆ. ಒಬ್ಬರು ಪಾಪ್‌ಗೆ ಕಬ್ಬಿಣ ತಂದರು, ಇನ್ನೊಬ್ಬರು ಕಬ್ಬಿಣಕ್ಕೆ ಹಾಡು ತಂದರು, ಮೈಕು ಇಟ್ಟವರು ಒಬ್ಬರೇ.

ಇನ್ನೊಬ್ಬರ ತಂಡದಲ್ಲಿ ಕಲಿತ ಪಾಠ

ಬಾರ್ಗೆಲ್ಡ್ ಅವರಿಗೆ ಹಾಡಿನ ಕಸುಬು ಕಲಿಸಿದ್ದು ಅವರ ಎರಡನೆಯ ನೌಕರಿ. 1983ರಿಂದ 2003ರವರೆಗೆ, ಇಪ್ಪತ್ತು ವರ್ಷ, ಅವರು ಆಸ್ಟ್ರೇಲಿಯಾದ ನಿಕ್ ಕೇವ್ ಕಟ್ಟಿದ ‘ಬ್ಯಾಡ್ ಸೀಡ್ಸ್’ ತಂಡದ ಗಿಟಾರ್ ವಾದಕರಾಗಿದ್ದರು. ನಿಕ್ ಕೇವ್ ಹಾಡು ಅಂದರೆ ಕಥೆ, ಚರಣ, ಪಲ್ಲವಿ, ಇಳಿಸಂಜೆಯ ಪಿಯಾನೊ. ಅಲ್ಲಿ ಗಿಟಾರಿನವನು ಎಲ್ಲಿ ನುಡಿಸಬಾರದು ಎಂದು ತಿಳಿದಿರಬೇಕು. ಬಾರ್ಗೆಲ್ಡ್ ಅಲ್ಲಿ ನುಡಿಸಿದ್ದು ಬಹಳ ಕಡಿಮೆ. ಒಂದು ಜಾರುಸ್ವರ, ದೂರದ ಒಂದು ಕೀರಲು, ಮತ್ತೆ ಮೌನ. ಆ ಹಾಡುಗಳ ಗಾಳಿ ಮಾತ್ರ ಅವರಿಂದಲೇ ಬಂದದ್ದು. 1990ರ ‘ದ ವೀಪಿಂಗ್ ಸಾಂಗ್’ ಅಪ್ಪ-ಮಗನ ಸಂವಾದದಂಥ ಯುಗಳಗೀತೆ. ಅದರಲ್ಲಿ ಅಪ್ಪನ ಭಾಗ ಬಾರ್ಗೆಲ್ಡ್ ಅವರದು. ಕಿರುಚಾಟಕ್ಕೆ ಹೆಸರಾಗಿದ್ದ ಕಂಠದೊಳಗೆ ಎಂಥ ತುಂಬು ಮಂದ್ರ ಇತ್ತೆಂದು ಹೊರಗಿನವರಿಗೆ ತಿಳಿದದ್ದು ಆಗ.

ಇನ್ನೊಂದು ಪ್ರಸಂಗ ಇದಕ್ಕಿಂತ ಸೊಗಸಾಗಿದೆ. 1995ರಲ್ಲಿ ಬಂದ ‘ವೇರ್ ದ ವೈಲ್ಡ್ ರೋಸಸ್ ಗ್ರೋ’ ನಿಕ್ ಕೇವ್ ಅವರ ಅತಿ ಜನಪ್ರಿಯ ಹಾಡು. ಹೆಣ್ಣಿನ ಭಾಗ ಹಾಡಿದ್ದು ಜಗತ್ತೇ ಬಲ್ಲ ಪಾಪ್ ತಾರೆ ಕೈಲಿ ಮಿನೋಗ್. ಆಕೆಗೆ ಹಾಡು ಕಲಿಯಲೆಂದು ಕಳಿಸಿದ ಮಾದರಿ ಧ್ವನಿಮುದ್ರಣದಲ್ಲಿ ಹೆಣ್ಣಿನ ಸಾಲುಗಳನ್ನು ಹಾಡಿ ಕೊಟ್ಟವರು ಬಾರ್ಗೆಲ್ಡ್. ನಮ್ಮ ಸಿನಿಮಾ ಸ್ಟುಡಿಯೋದ ಭಾಷೆಯಲ್ಲಿ ಹೇಳುವುದಾದರೆ ‘ಟ್ರ್ಯಾಕ್’ ಹಾಡಿದ್ದು ಅವರು. ಆ ಮಾದರಿ ಮುಂದೆ 2005ರ ಸಂಗ್ರಹವೊಂದರಲ್ಲಿ ಹೊರಬಂತು. ಕಾಂಕ್ರೀಟು ಕೊರೆಯುವವರ ನಾಯಕ ಎಳೆಎಳೆಯಾಗಿ ಬಿಡಿಸಿ ಹಾಡಿದ ರಾಗವನ್ನು ಕೇಳಿ ಪಾಪ್ ತಾರೆಯೊಬ್ಬಳು ಹಾಡು ಕಲಿತಳು. ಆ ಹೊತ್ತಿಗೆ ಅವರ ಬದಲಾವಣೆ ಒಳಗೊಳಗೇ ಪೂರ್ತಿಯಾಗಿತ್ತು, ಸ್ವಂತ ತಂಡದಲ್ಲಿ ಕಾಣಿಸಿಕೊಳ್ಳುವುದಷ್ಟೇ ಬಾಕಿ.

ರಂಗಭೂಮಿಯ ಪಾಲೂ ಇದರಲ್ಲಿದೆ. ನಾಟಕಕಾರ ಹೈನರ್ ಮ್ಯುಲರ್ ಅವರ ‘ಹ್ಯಾಮ್ಲೆಟ್ ಮಷಿನ್’ ಅನ್ನು 1990ರಲ್ಲಿ ಬಾನುಲಿ ನಾಟಕ ಮಾಡಿದಾಗ ಸಂಗೀತ ನೊಯ್‌ಬೌಟನ್ನರದು, ಹ್ಯಾಮ್ಲೆಟ್‌ನ ಧ್ವನಿ ಬಾರ್ಗೆಲ್ಡ್ ಅವರದು. ಪದವೊಂದನ್ನು ಅದರ ತೂಕ ಕೆಡದಂತೆ ಮೈಕಿಗೆ ಒಪ್ಪಿಸುವ ಕಲೆ ಅವರ ಮುಂದಿನ ಹಾಡುಗಳಲ್ಲೆಲ್ಲ ಇದೆ.

ಮೌನವೇ ವಾದ್ಯವಾದಾಗ

1993ರ ‘ಟಾಬುಲಾ ರಾಸಾ’ ಆಲ್ಬಮ್ಮಿನಲ್ಲಿ ಅನಿಟಾ ಲೇನ್ ಹಾಡಿದ ‘ಬ್ಲೂಮೆ’ ಬಂತು. ಅದು ಹೂವಿನ ಹಾಡು, ಜೋಗುಳದಷ್ಟು ಮೆತ್ತಗಿನದು. ಹಳೆಯ ಅಭಿಮಾನಿಗಳಲ್ಲಿ ಅಸಮಾಧಾನ ಮೊದಲಾಯಿತು. ತಂಡದ ಒಳಗೂ ಎಳೆತ ಇತ್ತು. 1994ರಲ್ಲಿ ಮಾರ್ಕ್ ಚಂಗ್ ಸಂಗೀತ ಪ್ರಕಾಶನದ ವ್ಯವಹಾರದ ಕಡೆ ಹೋದರು. ಅದಾಗಿ ಸ್ವಲ್ಪ ಕಾಲಕ್ಕೆ, ಮುಂದಿನ ಆಲ್ಬಮ್ಮಿನ ಕೆಲಸ ನಡೆದಿರುವಾಗಲೇ, ಅತಿ ಬಲವಾಗಿ ಬಡಿಯುತ್ತಿದ್ದ ಐನ್‌ಹೈಟ್ ಕೂಡ ಬಿಟ್ಟರು. ತಂಡದ ಬೆನ್ನೆಲುಬೇ ಹೋಯಿತು ಎಂದುಕೊಂಡವರು ಬಹಳ. ಉಳಿದವರು 1996ರಲ್ಲಿ ‘ಎಂಡೆ ನೊಯ್’ ಮುಗಿಸಿದರು. ಅದರಲ್ಲಿರುವ ‘ಸ್ಟೆಲ್ಲಾ ಮಾರಿಸ್’, ಮೆರೆಟ್ ಬೆಕರ್ ಎಂಬ ನಟಿ-ಗಾಯಕಿಯ ಜೊತೆ ಬಾರ್ಗೆಲ್ಡ್ ಹಾಡಿದ ಯುಗಳಗೀತೆ. ಕನಸಿನಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತ ಪ್ರತಿಸಲವೂ ತಪ್ಪಿಸಿಕೊಳ್ಳುವ ಇಬ್ಬರ ಹಾಡು, ಹಿಂದೆ ತಂತಿವಾದ್ಯಗಳು. ರಾಗ ಸರಳ, ಒಮ್ಮೆ ಕೇಳಿದರೆ ಗುನುಗಬಹುದು. ಇದು ಗಂಡು-ಹೆಣ್ಣು ಪ್ರಶ್ನೋತ್ತರದ ಹಳೆಯ ಕಟ್ಟು, ನಮ್ಮ ಚಿತ್ರಗೀತೆಗಳಿಗೆ ಚಿರಪರಿಚಿತ. ತಂಡದ ಅತಿ ಸುಂದರ ಹಾಡು ಇದೇ ಎನ್ನಲು ಹಿಂಜರಿಯಬೇಕಾಗಿಲ್ಲ.

1997ರಲ್ಲಿ ಯೋಖೆನ್ ಆರ್ಬೈಟ್ ಗಿಟಾರಿಗೂ ರುಡಾಲ್ಫ್ ಮೋಸರ್ ತಾಳವಾದ್ಯಕ್ಕೂ ಸೇರಿದರು. ಹಾಕೆ ಬಾಸ್ ಗಿಟಾರ್ ಹಿಡಿದರು. ಹೊಸ ಜೋಡಣೆಯ ಮೊದಲ ಆಲ್ಬಂ 2000ನೇ ಇಸವಿಯ ‘ಸೈಲೆನ್ಸ್ ಈಸ್ ಸೆಕ್ಸಿ’. ಇಡೀ ಪಯಣದ ತಿರುವು ಇಲ್ಲಿದೆ. ಶೀರ್ಷಿಕೆ ಗೀತೆಯಲ್ಲಿ ಬಾಸ್ ಗಿಟಾರಿನ ನಾಲ್ಕಾರು ಸ್ವರ, ಬಾರ್ಗೆಲ್ಡ್ ಅವರ ಕೆಳದನಿ, ಆಮೇಲೆ ಸದ್ದೇ ಇಲ್ಲದ ಗಳಿಗೆಗಳು. ಆ ಮೌನದಲ್ಲಿ ಬೆಂಕಿಕಡ್ಡಿಯ ಸಣ್ಣ ಸದ್ದು, ಸಿಗರೇಟಿನ ತುದಿ ಸುಡುವ ಚಿಟಿಚಿಟಿ, ಉಸಿರೆಳೆದು ಬಿಡುವುದು, ಎಲ್ಲವೂ ಕೇಳಿಸುತ್ತದೆ. ಸೇತುವೆಯ ಉಕ್ಕನ್ನು ಕೇಳಿಸಿದವರೇ ಸುಡುವ ಹೊಗೆಸೊಪ್ಪನ್ನೂ ಕೇಳಿಸುತ್ತಿದ್ದಾರೆ. ವಸ್ತುವಿನ ಸದ್ದಿಗೆ ಕಿವಿಗೊಡುವ ಶ್ರದ್ಧೆ ಮೊದಲಿನದೇ, ಪ್ರಮಾಣ ಮಾತ್ರ ಬೇರೆ. ಈ ಹಾಡನ್ನು ವೇದಿಕೆಯ ಮೇಲೆ ಹಾಡಬೇಕಾದರೆ ಸಾವಿರಾರು ಪ್ರೇಕ್ಷಕರು ಉಸಿರು ಬಿಗಿಹಿಡಿದು ಸುಮ್ಮನಿರಬೇಕು. ಗದ್ದಲಕ್ಕೆಂದು ಬಂದವರಿಂದ ಮೌನ ಕೇಳಿ ಪಡೆಯುವುದು ವೇದಿಕೆ ಕೊರೆಯುವುದಕ್ಕಿಂತ ದೊಡ್ಡ ಸಾಹಸ. ಅದೇ ಆಲ್ಬಮ್ಮಿನ ‘ಸಬ್ರಿನಾ’ ಮಂದಗತಿಯ ಮಧುರ ಗೀತೆ. ಅದರ ವಿಡಿಯೋ ತೆಗೆದದ್ದು ಚಲನಚಿತ್ರ ನಿರ್ದೇಶಕ ಜಾನ್ ಹಿಲ್‌ಕೋಟ್.

ಆಲ್ಬಮ್ಮಿಗೆ ದುಡ್ಡು ಹೊಂದಿಸುವ ದಾರಿಯೂ ಅಲ್ಲಿಂದ ಬದಲಾಯಿತು. 2002ರಲ್ಲಿ ತಂಡ ಕೇಳುಗರಿಂದಲೇ ಮುಂಗಡ ಚಂದಾ ಪಡೆದು, ಹಾಡು ಕಟ್ಟುವ ಕೆಲಸವನ್ನು ಅಂತರಜಾಲದ ಕ್ಯಾಮೆರಾ ಮೂಲಕ ಅವರಿಗೆ ತೋರಿಸತೊಡಗಿತು. ಇವತ್ತು ‘ಕ್ರೌಡ್ ಫಂಡಿಂಗ್’ ಎನ್ನುವುದು ಜನರ ಬಾಯಿಗೆ ಬರುವುದಕ್ಕೆ ವರ್ಷಗಳ ಮುಂಚಿನ ಮಾತು ಇದು. 2004ರ ‘ಪರ್ಪೆಟುಮ್ ಮೊಬಿಲೆ’ಯಲ್ಲಿ ಕಂಪ್ರೆಸರ್‌ನ ಗಾಳಿಯನ್ನು ಪೈಪುಗಳಲ್ಲಿ ಹಾಯಿಸಿ ಸ್ವರ ಹೊರಡಿಸಿದರು. ಅದೇ ವರ್ಷ ಬರ್ಲಿನ್ನಿನ ‘ಪಲಾಸ್ಟ್ ಡೆರ್ ರಿಪಬ್ಲಿಕ್’ನಲ್ಲಿ, ಹಿಂದೆ ಪೂರ್ವ ಜರ್ಮನಿಯ ಸಂಸತ್ತಿದ್ದು ಆಮೇಲೆ ಕೆಡವಿಹಾಕಿದ ಆ ಕಟ್ಟಡದಲ್ಲಿ, ಚಂದಾದಾರರದೇ ದೊಡ್ಡ ಮೇಳಗಾನದ ಜೊತೆ ಕಾರ್ಯಕ್ರಮ ನಡೆಯಿತು. ಹಾಡು ಹುಟ್ಟಿಸಲು ಬಾರ್ಗೆಲ್ಡ್ ನೂರಾರು ಚೀಟಿಗಳ ಒಂದು ಕಟ್ಟನ್ನೂ ಮಾಡಿಕೊಂಡರು. ಒಂದೊಂದು ಚೀಟಿಯಲ್ಲಿ ಒಂದು ಪದ, ಒಂದು ವಸ್ತು ಅಥವಾ ಒಂದು ಸೂಚನೆ. ಪ್ರತಿಯೊಬ್ಬರೂ ಕೆಲವು ಚೀಟಿ ಎತ್ತಿಕೊಂಡು, ತನಗೆ ಬಂದದ್ದು ಏನೆಂದು ಇತರರಿಗೆ ಹೇಳದೆ ನುಡಿಸಬೇಕು. ಅಭ್ಯಾಸದ ಜಾಡು ತಪ್ಪಿಸುವ ಈ ಆಟದಿಂದ ಅವರ ಹಲವು ಹಾಡುಗಳು ಮೊಳೆತವು.

ಬಡಿತವೂ ಮಾಧುರ್ಯವೂ ಒಂದೇ ಕೈಯಿಂದ ಬರುವುದಕ್ಕೆ ಕನ್ನಡದಲ್ಲಿ ಹತ್ತಿರದ ಉದಾಹರಣೆ ಸಿನಿಮಾದಲ್ಲಿ ಸಿಗುತ್ತದೆ. ಕುಂದಾಪುರ ಸಮೀಪದ ಬಸ್ರೂರಿನ ರವಿ ಬಸ್ರೂರು ಕುಲುಮೆಯ ಕಸುಬಿನ ಮನೆಯಿಂದ ಬಂದವರು. 2020ರ ಲಾಕ್‌ಡೌನ್ ದಿನಗಳಲ್ಲಿ ಊರಿಗೆ ಮರಳಿ ತಂದೆಯ ಕು­ಲುಮೆಯಲ್ಲಿ ಕೆಲಸಕ್ಕೆ ನಿಂತ ದೃಶ್ಯವನ್ನು ಅವರೇ ಹಂಚಿಕೊಂಡಿದ್ದರು. ಪ್ರಶಾಂತ್ ನೀಲ್ ಅವರ ‘ಉಗ್ರಂ’ (2014) ಮತ್ತು ಚಿನ್ನದ ಗಣಿಯ ಕಥೆಯಾದ ‘ಕೆಜಿಎಫ್’ನ ಎರಡು ಭಾಗಗಳಿಗೆ (2018, 2022) ಅವರು ಕೊಟ್ಟ ಸಂಗೀತದಲ್ಲಿ ಬಡಿತದ್ದೇ ಮೇಲುಗೈ. ‘ಕೆಜಿಎಫ್’ನ ಮೊದಲ ಭಾಗದಲ್ಲೇ ಅನನ್ಯಾ ಭಟ್ ಹಾಡಿದ ‘ಗರ್ಭದಿ’ ತಾಯಿಯ ಹಾಡಾಗಿ, ಬಹುಪಾಲು ಬರೀ ಕಂಠದ ಬಲದ ಮೇಲೆ ನಿಲ್ಲುತ್ತದೆ. ಎರಡನೆಯ ಭಾಗದಲ್ಲಿ ಸುಚೇತಾ ಬಸ್ರೂರು ಹಾಡಿದ ‘ಗಗನ ನೀ’ ಕೂಡ ಅದೇ ಜಾತಿಯದು. ನಮ್ಮ ಚಿತ್ರಸಂಗೀತದವರು ಒಂದೇ ಸಂಜೆಯ ಪ್ರದರ್ಶನದಲ್ಲಿ ಗದ್ದಲವನ್ನೂ ಮಾಧುರ್ಯವನ್ನೂ ಕೊಡಬೇಕು, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಸಾಗುವ ದೀರ್ಘ ಪಯಣಕ್ಕೆ ಇಲ್ಲಿ ಆಸ್ಪದ ಕಡಿಮೆ. ಆದರೆ ‘ಗರ್ಭದಿ’ಯ ಮೆತ್ತಗಿನ ದನಿ ಎದೆಗೆ ನಾಟುವುದು ಅದರ ಸುತ್ತ ಅಷ್ಟು ಬಡಿತ ಇರುವುದರಿಂದ. ಬಾರ್ಗೆಲ್ಡ್ ವರ್ಷಗಳ ಅಂತರದಲ್ಲಿ ಕಂಡುಕೊಂಡ ನ್ಯಾಯವೇ ಇಲ್ಲಿ ಎರಡೂವರೆ ಗಂಟೆಯೊಳಗೆ ಕೆಲಸ ಮಾಡಿದೆ.

ನೊಯ್‌ಬೌಟನ್ನರು ಹಾಡು ಹಿಡಿದ ಮೇಲೂ ಸಾಮಾನು ಬಿಡಲಿಲ್ಲ ಎನ್ನಲು 2014ರ ‘ಲಾಮೆಂಟ್’ ಸಾಕ್ಷಿ. ಮೊದಲ ಮಹಾಯುದ್ಧದ ನೂರನೇ ವರ್ಷಕ್ಕೆಂದು ಬೆಲ್ಜಿಯಮ್ಮಿನ ಡಿಕ್ಸ್‌ಮೌಡೆ ಊರಿನವರು ಬರೆಸಿದ ಕೃತಿ ಅದು. ಅದರ ಒಂದು ಭಾಗದಲ್ಲಿ ಯುದ್ಧದಲ್ಲಿದ್ದ ಒಂದೊಂದು ದೇಶಕ್ಕೆ ಒಂದೊಂದು ಪ್ಲಾಸ್ಟಿಕ್ ಪೈಪು. ನಿಮಿಷಕ್ಕೆ 120 ಬಡಿತ, ಒಂದು ಬಡಿತಕ್ಕೆ ಯುದ್ಧದ ಒಂದು ದಿನ. ದೇಶ ಯಾವ ದಿನ ಯುದ್ಧಕ್ಕಿಳಿಯಿತೋ ಆ ಬಡಿತಕ್ಕೆ ಅದರ ಪೈಪು ಸೇರುತ್ತದೆ, ಹೊರಬಂದ ದಿನ ನಿಲ್ಲುತ್ತದೆ. ನಾಲ್ಕು ವರ್ಷದ ಯುದ್ಧ ಹದಿಮೂರು ನಿಮಿಷದಲ್ಲಿ ಮುಗಿಯುತ್ತದೆ. ಯಾರೂ ಕಿರುಚುವುದಿಲ್ಲ, ದೇಶಗಳ ಹೆಸರುಗಳನ್ನಷ್ಟೇ ಹೇಳುತ್ತಾರೆ. ಕರ್ಕಶ ಕಾಲದ ಯಾವ ಕೃತಿಗೂ ಇಷ್ಟು ಭಯ ಹುಟ್ಟಿಸುವ ಶಕ್ತಿ ಇರಲಿಲ್ಲ.

ಇದರ ನಡುವೆ ಬಾರ್ಗೆಲ್ಡ್ ಇಟಲಿಯ ಸಂಗೀತಗಾರ ತೇಹೊ ತೇಆರ್ಡೊ ಜೊತೆ ಸೇರಿ ‘ಸ್ಟಿಲ್ ಸ್ಮೈಲಿಂಗ್’ (2013), ‘ನೆರಿಸ್ಸಿಮೊ’ (2016) ಎಂಬ ಎರಡು ಆಲ್ಬಂ ಮಾಡಿದರು. ಪಿಟೀಲು, ಚೆಲ್ಲೊಗಳ ಮೇಲೆ ಜರ್ಮನ್, ಇಟಾಲಿಯನ್, ಇಂಗ್ಲಿಷ್ ಮೂರೂ ಭಾಷೆಯ ಹಾಡುಗಳು. ಕಬ್ಬಿಣದ ಗುರುತೇ ಇಲ್ಲದ ಇಲ್ಲಿ ಅವರು ಬರಿಯ ಗೀತರಚನೆಕಾರರಾಗಿ ಗೆದ್ದಿದ್ದಾರೆ. 2020ರ ಮೇ ತಿಂಗಳಲ್ಲಿ ನೊಯ್‌ಬೌಟನ್ನರ ‘ಆಲ್ಲೆಸ್ ಇನ್ ಆಲ್ಲೆಮ್’ ಬಂದಾಗ ಈ ಎರಡೂ ಹೊಳೆಗಳು ಕೂಡಿದವು. ಲಾಂಡ್‌ವೆರ್ ಕಾಲುವೆ, ಟೆಂಪೆಲ್‌ಹೋಫ್, ವೆಡಿಂಗ್ ಎಂದು ಬರ್ಲಿನ್ನಿನ ಜಾಗಗಳ ಹೆಸರೇ ಹಾಡುಗಳಿಗೆ. ಕಾಲುವೆಯ ಹಾಡು ಬೀದಿಯ ಲಾವಣಿಯ ಧಾಟಿಯಲ್ಲಿದೆ. ಇನ್ನೊಂದು ಹಾಡಿಗೆ ತಾಳ ಹಾಕುವುದು, ವಲಸೆ ಹೋಗುವವರ ಹೆಗಲ ಮೇಲೆ ಎಲ್ಲ ದೇಶದಲ್ಲೂ ಕಾಣುವ ಆ ಅಗ್ಗದ ಚೌಕಳಿ ಪ್ಲಾಸ್ಟಿಕ್ ಚೀಲ. ಒಳಗೆ ಬಟ್ಟೆ ತುರುಕಿದ ಚೀಲವನ್ನು ಬಡಿದರೆ ಬರುವ ಮೊಂಡ ಸದ್ದಿಗೆ ಯಾವ ಡ್ರಮ್ಮಿನಲ್ಲೂ ಸಿಗದ ಭಾರ ಇದೆ, ಹಾಡು ಅದರ ಮೇಲೆ ಮೆಲ್ಲಗೆ ತೇಲುತ್ತದೆ.

2024ರ ‘ರಾಂಪೆನ್’ ಹುಟ್ಟಿದ್ದು 2022ರ ಸಂಚಾರದಲ್ಲಿ ಪ್ರೇಕ್ಷಕರ ಮುಂದೆಯೇ, ಮೊದಲೇ ಏನೂ ಗೊತ್ತುಮಾಡಿಕೊಳ್ಳದೆ ನುಡಿಸಿದ ತುಣುಕುಗಳಿಂದ. ಆ ತುಣುಕುಗಳನ್ನು ಸ್ಟುಡಿಯೋಗೆ ತಂದು ಹಾಡುಗಳಾಗಿ ತಿದ್ದಿದರು. ಹಳದಿ ಬಣ್ಣದ ಬರಿಯ ರಕ್ಷಾಪುಟ, ಮೇಲೆ ಹೆಸರಷ್ಟೇ. ಬೀಟಲ್ಸ್ ತಂಡದ ಬಿಳಿಯ ಆಲ್ಬಮ್ಮಿಗೆ ಅದು ನಮಸ್ಕಾರ. ‘ಕೊಲಾಪ್ಸ್’ನ ರಕ್ಷಾಪುಟದಲ್ಲಿ ದೊಡ್ಡ ತಂಡವೊಂದನ್ನು ಕೆಣಕಿದ್ದವರು ಈ ಸಲ ಪಾಪ್ ಚರಿತ್ರೆಯ ಅತಿ ದೊಡ್ಡ ತಂಡದ ಪಕ್ಕದಲ್ಲೇ ತಮ್ಮ ಕುರ್ಚಿ ಹಾಕಿಕೊಂಡರು.

ಹೊಸದಾಗಿ ಕೇಳುವವರು ಮೊದಲಿನಿಂದ ಶುರು ಮಾಡಬೇಕೆಂದಿಲ್ಲ. ‘ಸ್ಟೆಲ್ಲಾ ಮಾರಿಸ್’ ಕೇಳಿ, ಆಮೇಲೆ ‘ಸೈಲೆನ್ಸ್ ಈಸ್ ಸೆಕ್ಸಿ’ ಪೂರ್ತಿ, ಇಯರ್‌ಫೋನ್ ಹಾಕಿಕೊಂಡು, ಸುತ್ತ ಸದ್ದಿಲ್ಲದ ಹೊತ್ತಿನಲ್ಲಿ. ಅಲ್ಲಿಂದ ಹಿಂದಕ್ಕೆ ‘ಹಾಲ್ಬರ್ ಮೆನ್ಶ್’ಗೆ ಹೋದರೆ ಆ ಹಾಡುಗಳ ಬೇರು ಕಾಣುತ್ತದೆ. ‘ಕೊಲಾಪ್ಸ್’ ಅನ್ನು ಕಡೆಗೆ ಇಟ್ಟುಕೊಂಡರೆ, ಅದರ ತಗಡಿನ ಬಡಿತದ ಕೆಳಗೆ ಆ ಪ್ರಣಯಗೀತೆಯ ರಾಗವನ್ನು ಹುಡುಕಿ ಹಿಡಿಯುವಷ್ಟು ಕಿವಿ ಆ ವೇಳೆಗೆ ಪಳಗಿರುತ್ತದೆ.